ಹುಣಸೂರಿನ ಚರ್ಮದ ಕಾರ್ಖಾನೆ

ಮೈಸೂರಿನಿಂದ ಮಡಿಕೇರಿಯ ಕಡೆಗೆ ಸುಮಾರು 45 ಕಿಲೋಮೀಟರ್ ಸಾಗಿದರೆ ಲಕ್ಷ್ಮಣತೀರ್ಥ ನದಿಯ ದಡದಲ್ಲಿ ಹುಣಸೂರು ಸಿಗುತ್ತದೆ. ಬಸ್ಸು ಐದು ನಿಮಿಷ ನಿಂತು ಮುಂದಕ್ಕೆ ಹೋಗುವ ಈ ಊರಿನಲ್ಲಿ 19ನೆಯ ಶತಮಾನದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸಾಮಗ್ರಿ ತಯಾರಿಸುವ ಕಾರ್ಖಾನೆಗಳಿದ್ದವು ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಇದರ ಹಿಂದೆ ದನಗಳ ಕಥೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನ್ 'ಅಮೃತ ಮಹಲ್' ಎಂದು ಹೆಸರಿಟ್ಟ. ಈ ತಳಿಯ ಎತ್ತುಗಳು ಫಿರಂಗಿ ಎಳೆದುಕೊಂಡು ವೇಗವಾಗಿ ನಡೆಯುವುದರಲ್ಲಿ ಹೆಸರಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರಿಗೂ ಇವುಗಳ ಬೆಲೆ ತಿಳಿಯಿತು. 1813ರಲ್ಲಿ ಸೈನ್ಯದ ಅಧಿಕಾರಿಯೊಬ್ಬ ಇವುಗಳ ಮೇಲ್ವಿಚಾರಣೆ ವಹಿಸಿಕೊಂಡ. ಹುಣಸೂರು ಈ ವ್ಯವಸ್ಥೆಯ ಕೇಂದ್ರವಾಯಿತು.

ಎತ್ತುಗಳಿದ್ದರೆ ಸಾಲದು, ಸೈನಿಕನಿಗೆ ಬೂಟು ಬೇಕು, ಬೆನ್ನಚೀಲ ಬೇಕು, ಚಳಿಗೆ ಕಂಬಳಿ ಬೇಕು. ಹೀಗಾಗಿ ಇಲ್ಲಿ ಸೈನ್ಯದ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಕೋಠಿಗಳು ನಡೆದವು. ಚರ್ಮದ ಕೆಲಸಕ್ಕೆ ನೀರು ಯಥೇಚ್ಛವಾಗಿ ಬೇಕು, ಮಗ್ಗುಲಲ್ಲೇ ನದಿಯಿತ್ತು. ಮರಕ್ಕೆ ಪಶ್ಚಿಮದ ಕಾಡು ದೂರವಿರಲಿಲ್ಲ.

1864ರಲ್ಲಿ ಸರ್ಕಾರ ಕಾರ್ಖಾನೆಯನ್ನು ಮುಚ್ಚಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 30 ವರ್ಷಗಳ ಮೇಲೆ, 1897ರ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಅವರು ಇಲ್ಲಿನ ಕುಶಲಕರ್ಮಿಗಳು ಬೂಟು, ಬೆನ್ನಚೀಲ, ಚರ್ಮದ ಸಂಚಿಗಳನ್ನು ಸ್ವಂತವಾಗಿ ತಯಾರಿಸುತ್ತಿದ್ದುದನ್ನು ಹೇಳಿ, ಅದು ಹಳೆಯ ಕಾರ್ಖಾನೆಯಲ್ಲಿ ದೊರೆತ ತರಬೇತಿಯ ಫಲವೆನ್ನುತ್ತಾರೆ. ಕಂಬಳಿಗಳೂ, ಎತ್ತಿನ ಬಂಡಿಗಳೂ ಊರಿನಲ್ಲಿ ತಯಾರಾಗುತ್ತಿದ್ದವು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಚರ್ಮ ಮುಟ್ಟುವವರನ್ನು ಊರಿನ ಅಂಚಿಗೆ ತಳ್ಳಿದ್ದ ಕಾಲ ಅದು. ಸರ್ಕಾರಕ್ಕೆ ಲೆಕ್ಕದಲ್ಲಿ ಬೇಡವಾದ ವಿದ್ಯೆಯನ್ನು ಆ ಜನ ತಮ್ಮ ಅನ್ನದ ದಾರಿಯಾಗಿ ಉಳಿಸಿಕೊಂಡರು. ಸರ್ಕಾರಿ ಬರಹಗಳಲ್ಲಿ ಅಧಿಕಾರಿಗಳ ಹೆಸರು ಸುಲಭವಾಗಿ ಸಿಗುತ್ತದೆ; ಬೂಟು ಹೊಲಿದವನನ್ನು ಹುಡುಕಬೇಕು. ಕಟ್ಟಡದ ಇತಿಹಾಸವೆಂದು ನಾವು ಬರೆಯುವುದರಲ್ಲಿ ಅವನ ಪಾಲೇ ದೊಡ್ಡದೆಂದು ನನಗನ್ನಿಸುತ್ತದೆ.

ವ್ಯಾಪಾರವಂತೂ ಊರನ್ನು ಬಿಟ್ಟುಹೋಗಲಿಲ್ಲ. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಕೊಡಗಿನ ತೋಟಗಳ ಕಾಫಿ ಮೂಟೆಗಳು ಗಾಡಿಗಳಲ್ಲಿ ಇಳಿದು ಬಂದು ಹುಣಸೂರಿನ ಕಾಫಿ ಕಾರ್ಖಾನೆಗಳಲ್ಲಿ ಹದಗೊಂಡು ಮಾರುಕಟ್ಟೆಗೆ ಹೋಗುತ್ತಿದ್ದವು.