ಪಾಡುಗಳ ಗೀತೆಗೆ ಯೆಹೂದ್ಯನೊಬ್ಬನ ದನಿ

ಸಂತ ಮಾರ್ಕರ ಶುಭಸಂದೇಶದಲ್ಲಿರುವ ಯೇಸುಸ್ವಾಮಿಯ ಪಾಡುಗಳ ವೃತ್ತಾಂತಕ್ಕೆ ಜರ್ಮನಿಯ ಮಹಾನ್ ಸಂಗೀತಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಸ್ವರ ಸಂಯೋಜಿಸಿದ್ದರು. 1731ರ ಶುಭ ಶುಕ್ರವಾರದಂದು ಲೈಪ್‌ಜಿಗ್ ನಗರದಲ್ಲಿ ಅದನ್ನು ಹಾಡಲಾಯಿತು. ಮತ್ತಾಯ ಮತ್ತು ಯೊವಾನ್ನರ ವೃತ್ತಾಂತಗಳಿಗೆ ಅವರು ರಚಿಸಿದ ಸಂಗೀತ ಇಂದಿಗೂ ಜಗತ್ತಿನ ಸೊತ್ತಾಗಿದೆ. ಮಾರ್ಕರದರಲ್ಲಿ ಮಾತ್ರ ಸಾಹಿತ್ಯ ಉಳಿಯಿತು, ಸ್ವರಪ್ರತಿ ಕಳೆದುಹೋಯಿತು.

2000ದಲ್ಲಿ ಬಾಖ್ ನಿಧನರಾಗಿ 250 ವರ್ಷಗಳು ತುಂಬಿದವು. ಆ ನೆನಪಿಗಾಗಿ ಸ್ಟುಟ್‌ಗಾರ್ಟ್ ನಗರದ ಬಾಖ್ ಅಕಾಡೆಮಿಯು ನಾಲ್ಕು ಶುಭಸಂದೇಶಗಳ ಪಾಡುಗಳಿಗೆ ಹೊಸ ಸಂಗೀತ ರಚಿಸುವಂತೆ ನಾಲ್ವರನ್ನು ಕೋರಿತು. ಮಾರ್ಕರ ಪಾಲು ಬಂದದ್ದು ಓಸ್ವಾಲ್ಡೊ ಗೋಲಿಹೋವ್ ಅವರಿಗೆ. ಅವರು ಯೆಹೂದ್ಯರು!

ಓದುಗರೇ, ಈ ಆಯ್ಕೆ ಸಾಮಾನ್ಯವಾದುದಲ್ಲ. ಶತಮಾನಗಳ ಕಾಲ ಯೂರೋಪಿನ ಯೆಹೂದ್ಯರಿಗೆ ನಮ್ಮ ಪವಿತ್ರ ವಾರ ಭಯದ ವಾರವಾಗಿತ್ತು. ಕ್ರಿಸ್ತನ ಮರಣದ ಹೊಣೆಯನ್ನು ಇಡೀ ಜನಾಂಗದ ಮೇಲೆ ಹೊರಿಸಿದ ಪ್ರಸಂಗಗಳೂ ನಾಟಕಗಳೂ ಜನರನ್ನು ಕೆರಳಿಸುತ್ತಿದ್ದವು. ಆ ಆರೋಪವನ್ನು ಅಧಿಕೃತವಾಗಿ ತಳ್ಳಿಹಾಕಿದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆ, 1965ರಲ್ಲಿ.

ಪೂರ್ವ ಯೂರೋಪಿನಿಂದ ವಲಸೆ ಬಂದ ಮನೆತನದ ಗೋಲಿಹೋವ್ ಹುಟ್ಟಿದ್ದು ಅರ್ಜೆಂಟೀನಾದ ಲಾ ಪ್ಲಾಟಾದಲ್ಲಿ, 1960ರಲ್ಲಿ. ತಂದೆ ವೈದ್ಯರು, ತಾಯಿ ಪಿಯಾನೊ ಶಿಕ್ಷಕಿ. ಸಭಾಮಂದಿರದ ಪ್ರಾರ್ಥನಾಗೀತೆ, ಬಾಖ್, ಟ್ಯಾಂಗೊ ಎಲ್ಲವೂ ಬಾಲ್ಯದಲ್ಲೇ ಕಿವಿಗೆ ಬಿದ್ದವು. ಜೆರುಸಲೇಮಿನಲ್ಲಿಯೂ ಬಳಿಕ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗ ಮಾಡಿ, 1991ರಲ್ಲಿ ವೂಸ್ಟರ್ ನಗರದ ಹೋಲಿ ಕ್ರಾಸ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅದು ಯೇಸುಸಭೆಯ ಗುರುಗಳು 1843ರಲ್ಲಿ ಆರಂಭಗೊಂಡ ಕಾಲದಿಂದ ನಡೆಸಿಕೊಂಡು ಬಂದ ಕಾಲೇಜು. ಪವಿತ್ರ ಶಿಲುಬೆಯ ಹೆಸರಿನ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಯೆಹೂದ್ಯ ಅಧ್ಯಾಪಕರ ಕೈಯಲ್ಲೇ ಶಿಲುಬೆಯ ಕಥೆ ಹೊಸ ಗೀತೆಯಾಯಿತು.

ಅವರು ಬಾಖ್‌ರನ್ನು ಅನುಕರಿಸಲಿಲ್ಲ. ಲ್ಯಾಟಿನ್ ಅಮೆರಿಕದ ಬಡಜನರು ಬೀದಿಯಲ್ಲಿ ಹಾಡುತ್ತ, ಕುಣಿಯುತ್ತ ಕ್ರಿಸ್ತನನ್ನು ಸ್ಮರಿಸುವ ರೀತಿಗೆ ಕಿವಿಗೊಟ್ಟರು. ಅವರದೇ ನಾಡಿನ ಆರಿಯೆಲ್ ರಾಮಿರೆಸ್ 1964ರಲ್ಲಿ ಜಾನಪದ ಲಯಗಳಲ್ಲಿ ಬಲಿಪೂಜೆಯ ಗೀತೆಗಳನ್ನು ರಚಿಸಿ ಈ ದಾರಿಯನ್ನು ಆಗಲೇ ತೋರಿದ್ದರು. ಗೋಲಿಹೋವರ ಕೃತಿಯಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ ಕ್ಯೂಬಾ, ಬ್ರೆಜಿಲ್‌ಗಳಲ್ಲಿ ಉಳಿಸಿಕೊಂಡ ತಾಳವಾದ್ಯಗಳಿವೆ, ಸ್ಪೇನಿನ ಫ್ಲಮೆಂಕೊ ಇದೆ, ನೃತ್ಯವೂ ಇದೆ. ಪೇತ್ರರ ಕಣ್ಣೀರಿಗೆ ಮಾತ್ರ ಇವೆಲ್ಲವನ್ನೂ ತಗ್ಗಿಸಿ ಒಂಟಿ ಸ್ತ್ರೀಕಂಠದ ಮೃದುವಾದ ಹಾಡನ್ನಿಟ್ಟರು. 2000ದ ಸೆಪ್ಟೆಂಬರ್ 5ರಂದು ಸ್ಟುಟ್‌ಗಾರ್ಟ್‌ನಲ್ಲಿ ಮರಿಯಾ ಗಿನಾಂಡ್ ಅವರ ನೇತೃತ್ವದಲ್ಲಿ ವೆನೆಜುವೆಲಾದ ಗಾನವೃಂದ ಇದನ್ನು ಮೊದಲ ಬಾರಿಗೆ ಹಾಡಿದಾಗ ಸಭಿಕರು ಎದ್ದುನಿಂತು ಬಹುಹೊತ್ತು ಕರತಾಡನ ಮಾಡಿದರು.

ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಇಲ್ಲಿ ಯೇಸುವಿನ ಪಾತ್ರ ಒಬ್ಬರಿಗೆ ಮೀಸಲಲ್ಲ. ಅದು ಒಂದು ಕಂಠದಿಂದ ಇನ್ನೊಂದಕ್ಕೆ, ಪುರುಷರಿಂದ ಸ್ತ್ರೀಯರಿಗೆ, ಕೆಲವೊಮ್ಮೆ ಇಡೀ ಗಾನವೃಂದಕ್ಕೆ ಸಾಗುತ್ತದೆ. ಶಿಲುಬೆಗೇರಿಸೆಂದು ಅಬ್ಬರಿಸುವ ಜನಸಮೂಹವೂ ಅದೇ ಗಾನವೃಂದವೇ. ಕೊನೆಗೆ, ಶಿಲುಬೆಯಡಿಯಲ್ಲಿ, ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯ 'ಕದ್ದೀಶ್' ಕೇಳಿಬರುತ್ತದೆ. ಅದು ಯೆಹೂದ್ಯರು ಅಗಲಿದವರಿಗಾಗಿ ಹೇಳುವ ಪ್ರಾರ್ಥನೆ. ಆದರೆ ಅದರಲ್ಲಿ ಸಾವಿನ ಮಾತೇ ಇಲ್ಲ, ಇರುವುದು ದೇವರ ಮಹಿಮೆ. ಮರಣಿಸಿದಾತ ತನ್ನ ಕುಲದವನೇ ಎಂದು ಯೆಹೂದ್ಯನೊಬ್ಬ ಅಳುತ್ತಿದ್ದಾನೆ. ಆತನನ್ನು ಹೆತ್ತ ಮಾತೆ ಮರಿಯಳೂ ಆ ಕುಲದವಳೇ ಎಂಬುದನ್ನು ನಾವೆಷ್ಟು ಸಲ ನೆನೆದಿದ್ದೇವೆ?

ಮುಂದೆಯೂ ಅವರು ದುಃಖಿಗಳ ಕಡೆಗೇ ಕಿವಿಗೊಟ್ಟರು. ಮಗನನ್ನು ಕಳೆದುಕೊಂಡ ಹೆತ್ತವರನ್ನು ಕುರಿತ ಇಸ್ರಯೇಲಿನ ಲೇಖಕ ಡೇವಿಡ್ ಗ್ರಾಸ್‌ಮನ್ ಅವರ ಕೃತಿಯನ್ನು ಆಧರಿಸಿ, ಹಲವು ದೇಶಗಳ ವಾದ್ಯಗಾರರ 'ಸಿಲ್ಕ್‌ರೋಡ್' ತಂಡಕ್ಕಾಗಿ ಅವರು ರಚಿಸಿದ ಗೀತರೂಪಕ 2019ರಲ್ಲಿ ಪ್ರದರ್ಶನ ಕಂಡಿತು.

ಗರಿಗಳ ಭಾನುವಾರದಂದು ನಮ್ಮ ದೇವಾಲಯಗಳಲ್ಲೂ ಪಾಡುಗಳನ್ನು ಪಾತ್ರಗಳಾಗಿ ಹಂಚಿ ಓದುತ್ತೇವೆ. ಜನಸಮೂಹದ ಮಾತು ಭಕ್ತರಾದ ನಮ್ಮ ಪಾಲಿಗೇ ಬರುತ್ತದೆ. ಆ ಕೂಗು ಬೇರೊಂದು ಜನಾಂಗದ್ದಲ್ಲ, ನಮ್ಮದು. ಅದನ್ನು ಕೂಗಿದ ಅದೇ ಬಾಯಿ ಕ್ರಿಸ್ತನ ಮಾತನ್ನೂ ಆಡಬಲ್ಲದೆಂಬ ಭರವಸೆಯೊಂದಿಗೆ ಮುಂದಿನ ಬಾರಿ ಆ ವಾಚನಕ್ಕೆ ನಿಲ್ಲೋಣ.