ದಾರಿ ಇಲ್ಲದ ಕಡೆ ಮುಂದೆ ನಡೆದವರು

ಶನಿವಾರ ಬಂತೆಂದರೆ ಬೆಂಗಳೂರು, ಮಂಗಳೂರು ಕಡೆಯ ವಾಹನಗಳು ನಮ್ಮ ಗುಡ್ಡಗಳತ್ತ ಮುಖ ಮಾಡುತ್ತವೆ. ಮುಳ್ಳಯ್ಯನಗಿರಿ, ಮೂಡಿಗೆರೆ ಕಡೆಯ ಎತ್ತಿನಭುಜ, ಬಲ್ಲಾಳರಾಯನ ದುರ್ಗ, ಕಳಸದಾಚೆಯ ಕುದುರೆಮುಖ. ಬರುವವರಲ್ಲಿ ಬಹಳ ಮಂದಿಗೆ ಡಾಂಬರು ಬಿಟ್ಟು ಇಡೀ ದಿನ ಬೆಟ್ಟದಲ್ಲಿ ನಡೆಯುವುದು ಅದೇ ಮೊದಲು. ಊರಿಗೆ ಮರಳಿದವರು ಫೋಟೊ ಹಾಕುತ್ತಾರೆ, ಅನುಭವ ಬರೆಯುತ್ತಾರೆ. ಆ ಬರಹಗಳಲ್ಲಿ ಮುಂದೆ ನಡೆದು ದಾರಿ ತೋರಿಸಿದವರ ಹೆಸರು ಹುಡುಕಿ ನೋಡಿ. ಹೆಚ್ಚಿನ ಕಡೆ ‘ಲೋಕಲ್ ಗೈಡ್’ ಎಂದಷ್ಟೇ ಸಿಗುತ್ತದೆ.

ಇದು ಇವತ್ತಿನ ಅಭ್ಯಾಸವೇನಲ್ಲ. ಹೊಸಬರು ಬೆಟ್ಟ ಹತ್ತಿದ ಕಥೆಗಳ ಚರಿತ್ರೆಯುದ್ದಕ್ಕೂ ಹೀಗೇ ಇದೆ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಸಿಕ್ಕ ಒಳ್ಳೆಯ ಉದಾಹರಣೆ ಮಾತ್ರ ಮಲೆನಾಡಿನದಲ್ಲ, ಹಿಮದ ನಾಡಿನದು.

ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಹೆಂಡತಿಯ ಕ್ಷಯರೋಗದ ಚಿಕಿತ್ಸೆಗಾಗಿ ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಹೋಗಿದ್ದರು. ಅಲ್ಲಿ ಅವರಿಗೆ ಸ್ಕೀ ಹುಚ್ಚು ಹಿಡಿಯಿತು. ಆಗ ಆ ಊರಿನವರಿಗೂ ಸ್ಕೀ ಹೊಸದು. ತೋಬಿಯಾಸ್ ಮತ್ತು ಯೋಹಾನ್ ಬ್ರಾಂಗರ್ ಎಂಬ ಇಬ್ಬರು ಅಣ್ಣತಮ್ಮಂದಿರು ತಾವೇ ಬಿದ್ದು ಎದ್ದು ಅದನ್ನು ಕಲಿತಿದ್ದರು. ಜನ ನೋಡಿ ನಗುತ್ತಾರೆಂದು ಕತ್ತಲಾದ ಮೇಲೆ ಅಭ್ಯಾಸ ಮಾಡುತ್ತಿದ್ದರಂತೆ. 1893ರಲ್ಲಿ ಅವರು ಮೈಯನ್‌ಫೆಲ್ಡರ್ ಫುರ್ಗಾ ಎಂಬ ಕಣಿವೆದಾರಿ ದಾಟಿ ಪಕ್ಕದ ಅರೋಸಾ ಊರು ತಲುಪಿದ್ದರು. ಮರುವರ್ಷ, 1894ರ ಮಾರ್ಚ್‌ನಲ್ಲಿ, ಅದೇ ದಾರಿಯಲ್ಲಿ ಡಾಯ್ಲ್ ಅವರನ್ನು ಕರೆದುಕೊಂಡು ಹೋದರು.

ಇದನ್ನೇ ಇವತ್ತು ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎನ್ನುತ್ತಾರೆ. ಯಂತ್ರದಿಂದ ಹದ ಮಾಡಿದ ಇಳಿಜಾರು ಇಲ್ಲ, ಮೇಲಕ್ಕೆ ಒಯ್ಯುವ ಲಿಫ್ಟ್ ಇಲ್ಲ. ಹತ್ತುವುದೂ ಸ್ವಂತ ಕಾಲಲ್ಲೇ. ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಹಿಂದೆ ಅದು ಸೀಲ್ ಪ್ರಾಣಿಯ ಚರ್ಮ, ಈಗ ನೈಲಾನ್ ಅಥವಾ ಉಣ್ಣೆಯ ಬಟ್ಟೆ. ಒಂದೇ ದಿಕ್ಕಿಗೆ ಮಲಗಿದ ಕೂದಲು ಮುಂದಕ್ಕೆ ಜಾರಲು ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ತುದಿ ಮುಟ್ಟಿದ ಮೇಲೆ ಪಟ್ಟಿ ಕಿತ್ತು ಚೀಲಕ್ಕೆ ಹಾಕಿ ಇಳಿಯುವುದು. ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರಿನಲ್ಲಿ ಹಿಮ ಕುಸಿಯುವ ಅಪಾಯ ಹೆಚ್ಚು. ಹೊಸಬರ ಕಣ್ಣಿಗೆ ಎಲ್ಲ ಇಳಿಜಾರೂ ಒಂದೇ ಬಿಳುಪು. ಯಾವುದು ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎನ್ನುವುದು ಆ ಚಳಿಗಾಲದ ಗಾಳಿ, ಬಿಸಿಲು, ಹಿಮವನ್ನೆಲ್ಲ ನೋಡುತ್ತ ಬಂದವರಿಗೆ ಮಾತ್ರ ಗೊತ್ತು.

ಡಾಯ್ಲ್ ಬಿದ್ದರು, ಎದ್ದರು. ಒಂದು ಕಡಿದಾದ ಜಾಗದಲ್ಲಿ ಸ್ಕೀಗಳನ್ನು ಕಟ್ಟಿ ಅದರ ಮೇಲೆ ಕೂತು ಇಳಿಯಲು ನೋಡಿದಾಗ ಅವರದ್ದು ಕೈತಪ್ಪಿ ತಾನೇ ಮುಂದೆ ಓಡಿತು. ಪಾಪ, ಅವರು ಪ್ಯಾಂಟಿನ ಮೇಲೆಯೇ ಜಾರಿದರು. ಅರೋಸಾದ ಹೋಟೆಲಿನ ಪುಸ್ತಕದಲ್ಲಿ ತೋಬಿಯಾಸ್ ಈ ಪ್ರಸಿದ್ಧ ಲೇಖಕರ ಉದ್ಯೋಗವನ್ನು ‘ಕ್ರೀಡಾಪಟು’ ಎಂದು ಬರೆದರಂತೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಡಾಯ್ಲ್ ಲೇಖನ ಬಂತು. ಸ್ಕೀ ಮಾಡಲೆಂದೇ ಇಂಗ್ಲಿಷರು ಸ್ವಿಟ್ಜರ್ಲೆಂಡಿಗೆ ಬರುವ ಕಾಲ ಬರುತ್ತದೆ ಎಂದು ಅವರು ಹೇಳಿದ್ದು ಹಾಗೆಯೇ ಆಯಿತು. ಲೇಖನದಲ್ಲಿ ಅವರು ಬ್ರಾಂಗರ್ ಸಹೋದರರ ಹೆಸರು ಮರೆಯಲಿಲ್ಲ. ಆದರೆ ಲೋಕ ನೆನಪಿಟ್ಟದ್ದು ಡಾಯ್ಲ್ ದಾಟಿದರು ಎಂದು.

ಅದಕ್ಕೂ ಮೊದಲು, 1888ರಲ್ಲಿ, ನಾರ್ವೆಯ ಫ್ರಿಡ್ಯೋಫ್ ನಾನ್ಸೆನ್ ಸ್ಕೀ ಮೇಲೆ ಗ್ರೀನ್‌ಲ್ಯಾಂಡ್ ದಾಟಿದ್ದರು. ಯುರೋಪಿನಲ್ಲಿ ಸ್ಕೀ ಗೀಳು ಹಬ್ಬಿಸಿದ್ದೇ ಆ ಪಯಣ. ಅವರ ಆರು ಜನರ ತಂಡದಲ್ಲಿ ಇಬ್ಬರು ಉತ್ತರದ ಸಾಮಿ ಬುಡಕಟ್ಟಿನವರು: ಸ್ಯಾಮ್ಯುಯೆಲ್ ಬಾಲ್ಟೊ ಮತ್ತು ಓಲೆ ನೀಲ್ಸೆನ್ ರಾವ್ನಾ. ಇವರ ಹೆಸರು ಎಷ್ಟು ಜನರಿಗೆ ಗೊತ್ತು?

ನಮ್ಮ ದೇಶದಲ್ಲಿ ಬ್ರಿಟಿಷ್ ಅಧಿಕಾರಿಗಳು 1927ರಲ್ಲಿ ಗುಲ್ಮಾರ್ಗ್‌ನಲ್ಲಿ ಸ್ಕೀ ಕ್ಲಬ್ ಕಟ್ಟಿದರು. ಹಿಮವನ್ನೇ ಕಾಣದ ಕನ್ನಡ ನಾಡಿನ ಕಾಫಿ ಗುಡ್ಡಕ್ಕೂ ಆ ಆಟ ಬಂದಿದೆ. ಕೊಡಗಿನ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದು, 2025ರಲ್ಲಿ ಚಿಲಿಯಲ್ಲಿ ಐದು ಕಿಲೋಮೀಟರ್ ಸ್ಪರ್ಧೆಯ ಕಂಚು ತಂದರು. ಅವರ ಆಟ ಹದ ಮಾಡಿದ ಹಾದಿಯಲ್ಲಿ ನಡೆಯುವಂಥದ್ದು, ಬ್ಯಾಕ್‌ಕಂಟ್ರಿ ಅಲ್ಲ. ಆದರೂ ಏರನ್ನು ಸ್ವಂತ ಕಾಲಲ್ಲಿ ಏರುವ ಆಟ. ಕಾಫಿ ತೋಟದ ಊರಿನ ಹುಡುಗಿಗೆ ಹಿಮ ಅಡ್ಡಿಯಾಗಲಿಲ್ಲ ಎಂಬುದೇ ನಮಗೆ ಹೆಮ್ಮೆ.

ಈಗ ನಮ್ಮ ಬೆಟ್ಟಕ್ಕೆ ಬರೋಣ. ಕುದುರೆಮುಖಕ್ಕೆ ಹಿಂದೆ ಸಂಸೆ ಪರ್ವತ ಎಂಬ ಹೆಸರಿತ್ತು, ಸಂಸೆ ಊರಿನ ಮೇಲೆ ಹತ್ತುತ್ತಿದ್ದರು ಎಂಬ ಕಾರಣಕ್ಕೆ. ಎತ್ತರ ಸುಮಾರು 1,890 ಮೀಟರ್. 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಲ್ಲಿ ಕಬ್ಬಿಣದ ಅದಿರು ಗುರುತಿಸಿದರು. 1976ರಲ್ಲಿ ಗಣಿ ಕಂಪನಿ ಶುರುವಾಯಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. 2012ರಲ್ಲಿ ಪಶ್ಚಿಮ ಘಟ್ಟದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಈ ಇಸವಿಗಳೆಲ್ಲ ನಮಗೆ ಬಾಯಿಪಾಠ. ಆದರೆ ಆ ಕಾಡಲ್ಲಿ ಕತ್ತಿ ಹಿಡಿದು ಮುಂದೆ ದಾರಿ ಸವರಿದವರು ಯಾರು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಇದನ್ನು ಕಥೆಯಲ್ಲಾದರೂ ಸರಿಯಾಗಿ ಹೇಳಿದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿ ಹುಡುಕಿ ಹೊರಡುವ ತಂಡಕ್ಕೆ ವಿಜ್ಞಾನಿ ಇದ್ದಾರೆ, ಓದಿದವರಿದ್ದಾರೆ. ಆದರೆ ಆ ಪ್ರಾಣಿಯನ್ನು ಕಂಡು ಬಂದವನು ಊರವರ ಲೆಕ್ಕಕ್ಕೇ ಇಲ್ಲದ ಮಂದಣ್ಣ. ಅವನಿಲ್ಲದಿದ್ದರೆ ಆ ಪಯಣವೇ ಇಲ್ಲ.

ಇವತ್ತು ಕುದುರೆಮುಖ ಹತ್ತುವವರು ಸಂಸೆ ಕಡೆಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ ಅಲ್ಲಿಂದ ನಡೆಯುತ್ತಾರೆ. ಹೋಗಿ ಬರಲು ಸುಮಾರು ಇಪ್ಪತ್ತು ಕಿಲೋಮೀಟರ್. ಅರಣ್ಯ ಇಲಾಖೆಯ ಅನುಮತಿ ಬೇಕು, ಗೈಡ್ ಜತೆಗಿರಬೇಕು. ಮೇಲೆ ಹುಲ್ಲುಗಾವಲು, ಮಡಿಲಲ್ಲಿ ಶೋಲಾ ಕಾಡು. ಕಾವಳ ಇಳಿದರೆ ಹತ್ತು ಮಾರು ದೂರದವರು ಕಾಣುವುದಿಲ್ಲ. ಹಿಮದ ಇಳಿಜಾರಿನ ಹಾಗೆಯೇ ಇಲ್ಲೂ ಹೊಸಬರಿಗೆ ಎಲ್ಲ ಹಸಿರೂ ಒಂದೇ. ಯಾವ ಬಂಡೆಯ ಪಾಚಿ ಜಾರುತ್ತದೆ, ಮೇಲೆ ಮಳೆ ಬಿದ್ದರೆ ಯಾವ ಹಳ್ಳ ಎಷ್ಟು ಹೊತ್ತಿಗೆ ತುಂಬುತ್ತದೆ, ಕಾಟಿಗಳು ಎಲ್ಲಿ ಮೇಯುತ್ತಿರುತ್ತವೆ ಎನ್ನುವುದು ಆ್ಯಪ್‌ನ ನಕ್ಷೆಯಲ್ಲಿ ಬರುವುದಿಲ್ಲ.

2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ತಂದಿತು. ಸಂಖ್ಯೆಗೆ ಮಿತಿ ಬಂದದ್ದು ಸರಿಯೇ. ಬೆಟ್ಟಕ್ಕೂ ಉಸಿರಾಡಲು ಬಿಡಬೇಕು. ಆದರೆ ಟಿಕೆಟ್ ಎನ್ನುವುದು ಎಷ್ಟು ಜನ ಹೋಗಬಹುದು ಎಂದು ಹೇಳುತ್ತದೆ, ಹೇಗೆ ಹೋಗಬೇಕು ಎಂದು ಹೇಳುವುದಿಲ್ಲ. ಹೇಳುವವರು ಉದ್ಯಾನದೊಳಗಿನ, ಅಂಚಿನ ಊರುಗಳ ಮಲೆಕುಡಿಯರು, ಗೌಡರು. ಅವರ ಮನೆಗಳ ಮುಂದೆಯೇ ವರ್ಷಗಳಿಂದ ಪುನರ್ವಸತಿಯ ಪ್ರಶ್ನೆ ನಿಂತಿದೆ. ಪರಿಹಾರ ತಗೊಂಡು ಇಳಿದು ಹೋದವರಿದ್ದಾರೆ, ಉಳಿದವರಿದ್ದಾರೆ. ಹೋಗುವುದು ಬಿಡುವುದು ಅವರವರ ನಿರ್ಧಾರ. ಆಸ್ಪತ್ರೆ, ಶಾಲೆ, ರಸ್ತೆ ಇಲ್ಲದ ಕಡೆ ಇರಿ ಎಂದು ಪೇಟೆಯಲ್ಲಿ ಕೂತು ಹೇಳುವ ಹಕ್ಕು ನಮಗಿಲ್ಲ.

ಆದರೆ ಒಂದು ಮನೆ ಖಾಲಿಯಾದಾಗ ಆ ಮನೆಯವರ ಕಾಲಿಗೆ ಗೊತ್ತಿದ್ದ ದಾರಿಯೂ ಖಾಲಿಯಾಗುತ್ತದೆ. ಅದಕ್ಕೆ ಯಾವ ಪ್ಯಾಕೇಜಿನಲ್ಲೂ ದರ ನಿಗದಿಯಾಗಿಲ್ಲ. ಪತ್ರಿಕೋದ್ಯಮ ಓದಿದ ನಾವು ಮಾಡಬಹುದಾದ ಕೆಲಸ ದೊಡ್ಡದಲ್ಲ: ಈ ಹಿರಿಯರ ಬಳಿ ಕೂತು, ಅವರು ಒಪ್ಪಿದರೆ, ಹಳ್ಳ, ಏರು, ಬಂಡೆಗಳಿಗೆ ಅವರಿಟ್ಟ ಹೆಸರುಗಳನ್ನೆಲ್ಲ ಬರೆದುಕೊಳ್ಳುವುದು. ಮೊದಲ ಸಲ ಬೆಟ್ಟ ಹತ್ತುವ ನೀವು ಮಾಡಬಹುದಾದದ್ದು ಇನ್ನೂ ಚಿಕ್ಕದು. ಮುಂದೆ ನಡೆಯುವವರನ್ನು ಹೊರಡುವ ಮೊದಲು ಹೆಸರು ಕೇಳಿ. ವಾಪಸ್ ಹೋಗೋಣ ಎಂದು ಅವರು ಹೇಳಿದರೆ, ತುದಿ ಕಾಣುತ್ತಿದ್ದರೂ ತಿರುಗಿ ಇಳಿಯಿರಿ.