ಬದುಕುಳಿದ ಕೋಳಿಯಲ್ಲಿ ಗಂಬೋರೋ: ರೋಗವ್ಯಾಪ್ತಿಯ ಅಳತೆ ಮತ್ತು ಬರ್ಸಾದ ಸಾಕ್ಷ್ಯ

ಗಂಬೋರೋ ರೋಗದ ವ್ಯಾಪ್ತಿಯನ್ನು ಸತ್ತ ಕೋಳಿಗಳ ಲೆಕ್ಕದಿಂದ ಅಳೆಯುವ ರೂಢಿ ಫಾರಂಗಳಲ್ಲಿ ಬೇರೂರಿದೆ. ಆ ಲೆಕ್ಕಕ್ಕೆ ಸಿಗುವುದು ರೋಗದ ಒಂದು ಪಾಲು ಮಾತ್ರ. ದೊಡ್ಡ ಪಾಲು ಬದುಕುಳಿದ ಹಕ್ಕಿಗಳ ಬರ್ಸಾದಲ್ಲಿ, ಅಂದರೆ ಪ್ರತಿಕಾಯ ತಯಾರಿಸುವ ಕಣಗಳು ಬಲಿಯುವ ಗ್ರಂಥಿಯಲ್ಲಿದೆ ಎಂಬುದು ಈ ಲೇಖನದ ವಾದ.

1957ರ ಸುಮಾರಿಗೆ ಅಮೆರಿಕದ ಡೆಲವೇರ್ ರಾಜ್ಯದ ಗಂಬೋರೋ ಎಂಬಲ್ಲಿ ಕಾಣಿಸಿಕೊಂಡ ಈ ರೋಗವನ್ನು 1962ರಲ್ಲಿ ಸಂಶೋಧಕ ಕಾಸ್‌ಗ್ರೋವ್ ವರದಿ ಮಾಡಿದರು. ಮೂತ್ರಪಿಂಡಗಳು ಊದಿ ಬಿಳಚಿಕೊಂಡಿದ್ದರಿಂದ ಅವರ ಗಮನ ಮೊದಲು ಅತ್ತಲೇ ಹೋಯಿತು. ಭಾರತದಲ್ಲಿ ಇದು 1970ರ ದಶಕದ ಆರಂಭದಲ್ಲಿ ವರದಿಯಾಯಿತು. 1980ರ ದಶಕದ ಉತ್ತರಾರ್ಧದಲ್ಲಿ ಯುರೋಪಿನಲ್ಲಿ ತಲೆಯೆತ್ತಿದ ಅತಿ ಉಗ್ರ ತಳಿ, 1990ರ ದಶಕದಲ್ಲಿ ಇಲ್ಲಿಯ ಫಾರಂಗಳಲ್ಲೂ ಭಾರೀ ಸಾವುನೋವು ತಂದಿತು.

ಇದಕ್ಕೆ ಕಾರಣವಾದ ಬರ್ನಾವೈರಸ್‌ಗೆ ಕೊಬ್ಬಿನ ಹೊರಪೊರೆ ಇಲ್ಲ. ಸಾಮಾನ್ಯ ಸೋಂಕುನಿವಾರಕಗಳಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಕೋಳಿಗಳನ್ನು ತೆರವು ಮಾಡಿದ ಶೆಡ್ಡಿನಲ್ಲಿ 122 ದಿನಗಳ ನಂತರವೂ ಸೋಂಕು ಉಳಿದಿದ್ದ ದಾಖಲೆಯಿದೆ. ಒಮ್ಮೆ ಹೊಕ್ಕ ಫಾರಂನಲ್ಲಿ ತಂಡದ ನಂತರ ತಂಡಕ್ಕೆ ರೋಗ ತಗಲುವುದು ಇದರಿಂದಲೇ.

3ರಿಂದ 6 ವಾರದ ಮರಿಗಳಲ್ಲಿ ರೋಗ ಎದ್ದು ಕಾಣುತ್ತದೆ: ಗರಿ ಕೆದರಿ ಮುದುಡಿ ಕೂರುವುದು, ಬಿಳಿ ನೀರುಭೇದಿ, ನಡುಕ. ಶವಪರೀಕ್ಷೆಯಲ್ಲಿ ತೊಡೆ ಮತ್ತು ಎದೆಯ ಸ್ನಾಯುಗಳಲ್ಲಿ ರಕ್ತಸ್ರಾವದ ಗೆರೆಗಳು ಕಾಣುತ್ತವೆ. ಆದರೆ ಮುಖ್ಯ ಕಥೆ ನಡೆಯುವುದು ಬರ್ಸಾದಲ್ಲಿ. ಸೋಂಕು ತಗಲಿದ 3ನೇ ದಿನದ ಹೊತ್ತಿಗೆ ಅದು ಊದಿಕೊಂಡು, ಮೇಲೆ ಹಳದಿ ಲೋಳೆಯಂಥ ದ್ರವ ಕಟ್ಟುತ್ತದೆ. 4ನೇ ದಿನ ತೂಕ ಇಮ್ಮಡಿಯಾಗುತ್ತದೆ. 8ನೇ ದಿನಕ್ಕೆ ಮೂಲ ತೂಕದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೂಕ್ಷ್ಮದರ್ಶಕದಡಿ ಇದರ ಅರ್ಥ ಸ್ಪಷ್ಟ. ವೈರಸ್ ಹುಡುಕಿ ಕೊಲ್ಲುವುದು ಪ್ರತಿಕಾಯ ತಯಾರಿಸಲು ಅಣಿಯಾಗುತ್ತಿರುವ ಬಿ ಲಿಂಫೋಸೈಟ್‌ಗಳನ್ನು. ಕೋಶಕಗಳು ಬರಿದಾಗಿ ಗುಳ್ಳೆಗಟ್ಟುತ್ತವೆ, ನಡುವಿನ ಜಾಗದಲ್ಲಿ ನಾರಂಗಾಂಶ ಬೆಳೆಯುತ್ತದೆ.

3 ವಾರ ತುಂಬದ ಮರಿಗೆ ತಗಲಿದರೆ ಹೊರಗೆ ಬಹುಮಟ್ಟಿಗೆ ಏನೂ ತೋರದು. ನನ್ನ ದೃಷ್ಟಿಯಲ್ಲಿ ಅತ್ಯಂತ ಆತಂಕದ ಸ್ಥಿತಿ ಇದೇ. ಸಾವಿಲ್ಲದ್ದರಿಂದ ದಾಖಲೆಯೂ ಇಲ್ಲ. ರೋಗನಿರೋಧಕ ಶಕ್ತಿಗೆ ಬಿದ್ದ ಪೆಟ್ಟು ಮಾತ್ರ ಹಲವೊಮ್ಮೆ ಶಾಶ್ವತ. ಮುಂದೆ ಇಂಥ ತಂಡಕ್ಕೆ ಕೊಕ್ಕರೆ ರೋಗದ ಲಸಿಕೆ ಹಾಕಿದರೂ ತಕ್ಕಷ್ಟು ಪ್ರತಿಕಾಯ ಹುಟ್ಟುವುದಿಲ್ಲ, ಇ. ಕೋಲೈ ಸೋಂಕು ಸುಲಭವಾಗಿ ಮೇಲೇಳುತ್ತದೆ. ಆಗ ರೈತ ಲಸಿಕೆಯನ್ನು ದೂರುತ್ತಾನೆ, ಆಂಟಿಬಯಾಟಿಕ್‌ಗೆ ದುಡ್ಡು ಸುರಿಯುತ್ತಾನೆ. ಸಾವಿನ ಕಾರಣದ ಅಂಕಣದಲ್ಲಿ ಗಂಬೋರೋ ಹೆಸರೇ ಬರುವುದಿಲ್ಲ.

ಹಾಗಿದ್ದರೆ ಅಳೆಯುವುದು ಹೇಗೆ? ರಕ್ತದಲ್ಲಿನ ಪ್ರತಿಕಾಯ ಅಳೆಯುವ ಎಲೈಸಾ ಪರೀಕ್ಷೆಯೊಂದೇ ಸಾಲದು. ಲಸಿಕೆಯಿಂದ ಬಂದ ಪ್ರತಿಕಾಯವನ್ನೂ ಸೋಂಕಿನಿಂದ ಬಂದದ್ದನ್ನೂ ರೂಢಿಯ ಎಲೈಸಾ ಬೇರ್ಪಡಿಸಲಾರದು. ಎಳೆಯ ಮರಿಗಳಲ್ಲಿ ತಾಯಿಯಿಂದ ಬಂದ ಪ್ರತಿಕಾಯ ಇನ್ನಷ್ಟು ಗೊಂದಲ ತರುತ್ತದೆ. ಸಾವಿನ ಪ್ರಮಾಣ ಏರಲಿ ಬಿಡಲಿ, ಪ್ರತಿ ತಂಡದಿಂದಲೂ ಕೆಲವು ಆರೋಗ್ಯವಂತ ಹಕ್ಕಿಗಳನ್ನು ಆರಿಸಿ, ಬರ್ಸಾದ ತೂಕಕ್ಕೂ ದೇಹದ ತೂಕಕ್ಕೂ ಇರುವ ಅನುಪಾತವನ್ನು ದಾಖಲಿಸಿ, ಅಂಗಾಂಶವನ್ನು ಪರೀಕ್ಷಿಸಬೇಕು. ಒಂದು ತೊಡಕು ಉಳಿಯುತ್ತದೆ: ಇಂಟರ್‌ಮೀಡಿಯೇಟ್ ಪ್ಲಸ್ ಎಂಬ ಹೆಚ್ಚು ಬಿರುಸಿನ ಬಗೆಯ ಲಸಿಕೆಗಳ ವೈರಸ್ಸೂ ಬರ್ಸಾವನ್ನು ಕುಗ್ಗಿಸಬಲ್ಲದು. ಆದ್ದರಿಂದ ಕುಗ್ಗಿದ ಬರ್ಸಾ ಸಿಕ್ಕಲ್ಲೆಲ್ಲ ವೈರಸ್ಸಿನ ವಿಪಿ2 ಜೀನ್‌ನ ಅತಿ ಬದಲಾಗುವ ಭಾಗವನ್ನು ಓದಿ, ಲಸಿಕೆಯ ತಳಿಯೋ ಫಾರಂನಲ್ಲಿ ಹರಡುತ್ತಿರುವ ರೋಗದ ತಳಿಯೋ ಎಂದು ತೀರ್ಮಾನಿಸಿದ ಮೇಲೆಯೇ ಅದನ್ನು ರೋಗವ್ಯಾಪ್ತಿಯ ಲೆಕ್ಕಕ್ಕೆ ಸೇರಿಸಬೇಕು.